ಆಗಲಾರದ್ದು ಮೊದಲು

ಈ ಯುಗಾದಿಗೆ ನಮ್ಮ ವಾರ್ಡಿನ ಈಗಿನ ಸದಸ್ಯರು ಓಣಿಯ ಬಾಯಿಗೇ ಒಂದು ಫ್ಲೆಕ್ಸು ಕಟ್ಟಿಸಿದ್ದರು. ಕೈ ಮುಗಿದ ಅವರ ಫೋಟೊ, ಹಿಂದೆ ತುಂಬಿ ಹರಿಯುವ ಕೆನಾಲು, ಕೆಳಗೆ ಹೊಸ ವರ್ಷದ ಶುಭಾಶಯ ಮತ್ತು ಒಂದು ವರ್ಷದ ಸಾಧನೆಗಳು. ಅದೇ ಚಿತ್ರ ಫೋನಿಗೂ ಬಂತು. ನಾನು ಕೊನೆಯ ಸಾಲಿನವರೆಗೆ ಓದಿದೆ. ಆಗದೇ ಉಳಿದದ್ದು ಅದರಲ್ಲಿ ಒಂದೂ ಇರಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಕಿವಿಯೊಳಗೆ ಒಂದು ಗಡಸು ದನಿ ಎದ್ದಿತು: "ಆಗಲಾರದ್ದು ಮೊದಲ ಹೇಳ್ತೀನಿ. ಆಗಿದ್ದು ನಿಮ್ಮ ಕಣ್ಣಿಗೇ ಕಾಣ್ತದ."

ಆ ದನಿಯ ಮನುಷ್ಯ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಗಿರಣಿ ಮೆಂಬರ್ರು ಅಂದರೆ ಸಾಕಿತ್ತು. ಊರಿನ ಹೆಸರೂ ಬೇಡ. ಶಹಾಪುರದಿಂದ ಸುರಪುರದ ಕಡೆ ಹೋಗುವಾಗ ಕೆನಾಲು ದಾಟಿದ ಮೇಲೆ ಸಿಗುವ ಊರು ಅಂದರೆ ಈ ಕಡೆಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗದಿದ್ದರೂ ನಡೆಯುತ್ತದೆ.

ಅವರದು ಜೋಳ, ಗೋಧಿ ಬೀಸುವ ಹಿಟ್ಟಿನ ಗಿರಣಿ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಯಾವಾಗಲೂ ಬೆಳ್ಳಗೆ. ನಾನು ಸಣ್ಣವಳಿದ್ದಾಗ ಅವರು ಹುಟ್ಟಾ ಮುದುಕರೆಂದೇ ತಿಳಿದಿದ್ದೆ. ಒಮ್ಮೆ ಹಬ್ಬದ ದಿನ ಸ್ನಾನ ಮಾಡಿ ಬಂದವರನ್ನು ಕಂಡು ಗುರುತೇ ಹಿಡಿಯಲಿಲ್ಲ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿ ದೊಡ್ಡದಾಗಿಬಿಟ್ಟಿತ್ತು. ಮಷೀನು ಬಂದಾದ ಮೇಲೂ ಅದು ಇಳಿಯುತ್ತಿರಲಿಲ್ಲ. ಗುಟ್ಟಿನ ಮಾತು ಹೇಳಬೇಕಾದರೆ ಎದುರಿನವರ ಕಿವಿಯ ಹತ್ತಿರ ಬಗ್ಗುತ್ತಿದ್ದರು. ಅದು ಮೂರನೇ ಮನೆಗೆ ಕೇಳುತ್ತಿತ್ತು. ಅವರ ಹೆಂಡತಿ ಹೇಳುತ್ತಿದ್ದರು, "ನಮ್ಮ ಮನ್ಯಾಗ ಜಗಳ ಆಗಂಗಿಲ್ಲವಾ. ಇವರು ಒಂದ ಮಾತ ಅಂದ್ರ ಸಾಕು, ಬಿಡಸಾಕ ಮಂದಿ ಬರ್ತಾರ."

ಒಮ್ಮೆ ಮೇಲಿನ ಓಣಿಯ ಒಬ್ಬ ಹೆಂಗಸು ನಮ್ಮವ್ವನ ಡಬ್ಬಿ ಪಾಳಿಯಲ್ಲಿ ಮುಂದಿದ್ದುದನ್ನು ಕಂಡು ತನ್ನ ಜೋಳ ಮೊದಲು ಹಾಕಲು ಹೇಳಿದಳು. ನಮ್ಮ ಓಣಿಯವರ ಹಿಟ್ಟಿನ ಹಿಂದೆ ತನ್ನ ಹಿಟ್ಟು ಬರಬಾರದೆಂಬುದು ಅವಳ ಉದ್ದೇಶ. ಮೆಂಬರ್ರು ಬೆಲ್ಟಿನ ಸದ್ದಿನ ಮೇಲೆ ಕೂಗಿದರು, "ಅಕ್ಕಾ, ಯಾರ ಹಿಂದ ಯಾರ ಹಿಟ್ಟ ಬಂತು ಅಂತ ರೊಟ್ಟಿ ನಿನಗ ಹೇಳ್ತದೇನು? ಹೇಳಿದ್ರ ಆ ರೊಟ್ಟಿ ತಗೊಂಡು ಬಾ, ನಾನೂ ಮಾತಾಡಸ್ತೀನಿ." ಪಾಳಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಮರುವಾರದಿಂದ ಅವಳ ಜೋಳ ಬೇರೆ ಗಿರಣಿಗೆ ಹೋಯಿತು.

ಅವರು ಪುರಸಭೆಗೆ ಆರಿಸಿ ಬಂದ ಮೊದಲ ವರ್ಷದಿಂದಲೇ ಹಕೀಕತ್ತು ಹೇಳುವ ಪದ್ಧತಿ ಶುರುವಾಯಿತು. ಯುಗಾದಿಯ ಸಂಜೆ ಹಣಮಪ್ಪನ ಗುಡಿಯ ಮುಂದೆ ಆಚಾರ್ರು ಪಂಚಾಂಗ ಓದುತ್ತಾರೆ. ಬರುವ ವರ್ಷ ಮಳೆ ಎಷ್ಟು, ಬೆಳೆ ಎಷ್ಟು, ಯಾರ ರಾಶಿಗೆ ಏನು ಎಂದು ಊರು ಕೂತು ಕೇಳುತ್ತದೆ. ಅವತ್ತು ಓದು ಮುಗಿದು ಮಂದಿ ಏಳುವಾಗ ಮೆಂಬರ್ರು ಎದ್ದು ನಿಂತು, "ಕೂಡ್ರಿ ಇನ್ನಷ್ಟು. ಆಚಾರ್ರು ಬರೋ ವರ್ಷದ್ದು ಹೇಳ್ಯಾರ. ನಾ ಹೋದ ವರ್ಷದ್ದು ಹೇಳ್ತೀನಿ" ಅಂದರು. ಆಚಾರ್ರು ಪಂಚಾಂಗ ಮಡಚುತ್ತಾ, "ಬ್ಯಾಡ್ರಿ ಮೆಂಬರ್ರೆ. ನಂದು ಸುಳ್ಳಾದ್ರ ಗ್ರಹದ ಮ್ಯಾಲ ಹಾಕ್ತೀನಿ. ನಿಮ್ಮದು ಸುಳ್ಳಾದ್ರ ಯಾರ ಮ್ಯಾಲ ಹಾಕ್ತೀರಿ?" ಎಂದರು.

"ಅದಕ್ಕs ಸುಳ್ಳು ಹೇಳಂಗಿಲ್ರಿ."

ಕೈಯಲ್ಲಿ ಚೀಟಿ ಇಲ್ಲ, ಮೈಕು ಇಲ್ಲ. ಮೊದಲು ಶರಣು ಅನ್ನುವರು, ಆಮೇಲೆ ಆಗಲಾರದ್ದು. ಯಾವ ಗಟಾರ ತೋಡಲಿಲ್ಲ, ಯಾವ ದೀಪ ಹತ್ತಲಿಲ್ಲ, ಯಾವ ಸಾಹೇಬರ ಹತ್ತಿರ ಹೋಗಿ ಬರಿಗೈಲಿ ಬಂದೆ. ಆಮೇಲೆ ಆಗಿದ್ದು, ಅದನ್ನು ಬೇಗ ಮುಗಿಸುವರು. ಕೊನೆಗೆ ಯಾವಾಗಲೂ ಒಂದೇ ಮಾತು: "ಇಷ್ಟs ಹಕೀಕತ್ತು. ತಪ್ಪಿದ್ರ ಗಿರಣಿಗೆ ಬಂದು ಬಯ್ರಿ." ಮಂದಿ ನಿಜವಾಗಿಯೂ ಹೋಗಿ ಬಯ್ಯುತ್ತಿದ್ದರು. ಜೋಳದ ಡಬ್ಬಿ ಇಟ್ಟು, ಬಯ್ದು, ಹಿಟ್ಟು ಹೊತ್ತುಕೊಂಡು ಬರುತ್ತಿದ್ದರು.

ಇನ್ನು ಬಾವಿಯ ಮಾತು.

ಗುಡಿಯ ಮುಂದೆ ಮೇಲಿನ ಓಣಿಯ ಬಾವಿ ಇತ್ತು. ಮೆಂಬರ್ರ ಅಜ್ಜ ತೋಡಿಸಿದ್ದು. ಸಿಹಿ ನೀರು. ಊರಲ್ಲೆಲ್ಲ ಸವಳು, ಅದೊಂದೇ ಸಿಹಿ. ನಮ್ಮ ಓಣಿಯವರು ಅದಕ್ಕೆ ಹಗ್ಗ ಇಳಿಸುವ ಹಾಗಿರಲಿಲ್ಲ. ಅವ್ವ, ನಾನು ಕೊಡ ಇಟ್ಟುಕೊಂಡು ದೂರ ನಿಲ್ಲುತ್ತಿದ್ದೆವು. "ನೀರ ಹಾಕ್ರಿ ಯವ್ವಾ" ಎಂದು ಅವ್ವ ಕೂಗುವಳು. ಯಾರಿಗಾದರೂ ಮನಸ್ಸು ಬಂದಾಗ ಮೇಲಿನಿಂದ ಸುರಿಯುವರು. ಮುಟ್ಟದ ಹಾಗೆ ಎತ್ತರದಿಂದ ಸುರಿದ ನೀರು ಕೊಡಕ್ಕೆ ಬಿದ್ದಷ್ಟೇ ನೆಲಕ್ಕೂ ಬೀಳುತ್ತದೆ. ನಾನು ಶಾಲೆಗೆ ತಡವಾಗಿ ಹೋದ ದಿನಗಳೆಲ್ಲ ಆ ಬಾವಿಯ ದಿನಗಳು. ಮಾಸ್ತರರು ಕಾರಣ ಕೇಳಿದರೆ "ನೀರ ಸಿಗಲಿಲ್ರಿ" ಅನ್ನುತ್ತಿದ್ದೆ. ಬಾವಿ ತುಂಬ ನೀರಿದ್ದದ್ದು ಅವರಿಗೂ ಗೊತ್ತಿತ್ತು.

ಆ ಹೊತ್ತಿಗೆ ಕೆನಾಲು ಬಂತು. ಕೃಷ್ಣೆಯ ನೀರು ನಮ್ಮ ಎರಿ ಹೊಲಗಳ ನಡುವೆ ಮೊದಲ ಸಲ ಹರಿದು ಬಂದ ದಿನ ಹೆಂಗಸರು ಅದಕ್ಕೆ ಕುಪ್ಪಸದ ಖಣ ಬಿಟ್ಟು ಉಡಿ ತುಂಬಿದರು. ಮುದುಕರು ನೀರು ಮುಟ್ಟಿ ಕಣ್ಣಿಗೆ ಹಚ್ಚಿಕೊಂಡರು. ಮೆಂಬರ್ರು ಬೆನ್ನು ಹತ್ತಿ ಓಡಾಡಿ, ಕೆನಾಲಿನ ನೀರು ನಳದಲ್ಲಿ ಎರಡೂ ಓಣಿಗೆ ಬರುವಂತೆ ಮಾಡಿಸಿದರು. ನಳ ಬಂದ ದೀಪಾವಳಿಗೆ ಬಾವಿ ತುಂಬಿಸಿ ಮೇಲೆ ಕಟ್ಟೆ ಕಟ್ಟಿಸಿಬಿಟ್ಟರು. ಮೇಲಿನ ಓಣಿಯ ಹಿರಿಯರು ತಕರಾರು ಮಾಡಿದಾಗ, "ನಳಕ್ಕ ಹಗ್ಗ ಬೇಕಿಲ್ಲ. ತಿರುವಿದ್ರ ಬರ್ತದ. ತಿರುವೋ ಕೈ ಯಾರದರೆ ಇರಲಿ" ಅಂದರಂತೆ. ಅದು ಅವರದೇ ಅಜ್ಜನ ಬಾವಿಯಾದ್ದರಿಂದ ಎದುರಿನವರ ಬಾಯಿ ಕಟ್ಟಿತು.

ಒಂದು ಮಾತು ಯಾರಿಗೂ ಹೊಳೆಯಲಿಲ್ಲ. ಕೆನಾಲನ್ನು ಬೇಸಿಗೆಗೆ ಬಂದ್ ಮಾಡುತ್ತಾರೆ. ಎಂಜಿನಿಯರ್ ಹೇಳಿರಲಿಲ್ಲವೆಂದಲ್ಲ. ಹೇಳಿದ್ದರು, ಮೆಂಬರ್ರು ನಂಬಲಿಲ್ಲ. ತಲೆತಲಾಂತರ ಮಳೆಗೆ ಬಾಯಿ ತೆರೆದುಕೊಂಡು ಕೂತ ನೆಲದವರು ನಾವು. ಹೊಳೆ ಮನೆ ಮುಂದೆ ಬಂದ ಮೇಲೆ ಅದನ್ನು ಯಾರೋ ಬೀಗ ಹಾಕಿ ನಿಲ್ಲಿಸುತ್ತಾರೆ ಅಂದರೆ ನಂಬುವುದು ಹೇಗೆ? "ಹೊಳೀಗೆ ಬಾಗಲಾ ಇರ್ತದೇನ್ರಿ?" ಎಂದು ಎಂಜಿನಿಯರನ್ನೇ ನಕ್ಕು ಕಳಿಸಿದ್ದರಂತೆ.

ಹಿಂಗಾರಿ ಬೆಳೆ ಮುಗಿಯಿತು, ಕೆನಾಲಿನ ಬಾಗಿಲು ಬಿತ್ತು, ಯುಗಾದಿಯ ಹಿಂದಿನ ವಾರ ನಳಗಳು ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾದವು. ಮೇಲಿನ ಓಣಿಯ ಹೆಂಗಸರು ರೂಢಿಯ ಕಾಲಲ್ಲಿ ಕೊಡ ಹಿಡಿದು ಬಾವಿಗೆ ಬಂದರು. ಅಲ್ಲಿ ಕಟ್ಟೆ ಇತ್ತು. ಅವರು ಕಟ್ಟೆಯ ಸುತ್ತ ಕೊಡ ಇಟ್ಟುಕೊಂಡು ನಿಂತದ್ದನ್ನು ನಾನು ನೋಡಿದ್ದೇನೆ. ನಮ್ಮವ್ವ ನನ್ನ ಕೈ ಹಿಡಿದು ಎಳೆದಳು, "ನೋಡಬ್ಯಾಡ ನಡಿ. ಹಂಗ ನಿಂತ್ರ ಹೆಂಗನಸ್ತದ ಅಂತ ನಮಗ ಗೊತ್ತದ."

ಆ ಯುಗಾದಿಯ ಸಂಜೆ ಮೆಂಬರ್ರು ಹಕೀಕತ್ತಿಗೆ ಅದೇ ಕಟ್ಟೆಯ ಮೇಲೆ ನಿಂತರು. ಗುಡಿಯ ಮುಂದೆ ಮೇಲಿನ ಓಣಿಯವರು, ದೂರ ಬೇವಿನ ಗಿಡದ ಕೆಳಗೆ ನಮ್ಮವರು. ಕೂಗಾಟ ಜೋರಾಗಿತ್ತು. "ಅಜ್ಜ ತೋಡಿದ್ದ, ಮೊಮ್ಮಗ ನುಂಗಿದ" ಎಂದು ಒಬ್ಬರು ಕೂಗಿದರು. ಇವರು ಸುಮ್ಮನೆ ಕೇಳಿಸಿಕೊಂಡು, "ಆಗಲಾರದ್ದು ಮೊದಲ. ಬಾವಿ ಮುಚ್ಚಸೀನಿ, ನೀರ ಕೊಟ್ಟಿಲ್ಲ. ಕೊಡೋತನಾ ನಾ ಬೇವು ಕುಡ್ಯಂಗಿಲ್ಲ. ಯುಗಾದಿ ದಿನ ನಳದ ನೀರಾಗ ಬೇವು ಮಾಡಬೇಕು, ಅವತ್ತ ಕುಡೀತೀನಿ" ಅಂದರು.

ನಮ್ಮ ಕಡೆ ಬೇವು ಎಂದರೆ ತಿನ್ನುವುದಲ್ಲ, ಕುಡಿಯುವುದು. ಹೊಸ ಮಡಕೆಯಲ್ಲಿ ಹುಣಸೆ ನೀರು, ಬೆಲ್ಲ, ಪುಟಾಣಿ ಅಂದರೆ ಹುರಿಗಡಲೆಯ ಹಿಟ್ಟು, ಮಾವಿನಕಾಯಿ, ಮೇಲೆ ನಾಲ್ಕು ಬೇವಿನ ಹೂವು. ಅದು ಗಂಟಲಿಗಿಳಿದರೇ ಹೊಸ ವರ್ಷ. ಮನೆಯಿಂದ ಮನೆಗೆ ಚೆಂಬು ಓಡಾಡುತ್ತದೆ. ಬೌದ್ಧನಾದ ಮೇಲೆ ಹಬ್ಬಗಳನ್ನೆಲ್ಲ ಬಿಟ್ಟ ನಮ್ಮಪ್ಪನೂ ಬೇವು ಬಿಟ್ಟಿರಲಿಲ್ಲ. "ಇದು ದೇವರದಲ್ಲ, ಹೊಟ್ಟೀದು" ಅನ್ನುತ್ತಿದ್ದ. ಅಂಥ ಬೇವನ್ನು ಬಿಟ್ಟವರಿಗೆ ಊರು ಬಿಡುತ್ತದೆಯೇ? "ಮೆಂಬರ್ರೀ, ಯಾವ ವರ್ಷದಾಗ ಇದ್ದೀರಿ? ಇನ್ನಾ ಬಾವೀ ವರ್ಷನs ನಡದದೇನು?" ಎಂದು ಕಾಡುವರು. ಹೆಂಡತಿ ಮಾತ್ರ ಗಂಡನ ಎದುರೇ ಗ್ಲಾಸು ಎತ್ತಿ, "ಅವರ ವರ್ಷ ಅವರು ನಿಲ್ಲಸ್ಯಾರ. ನಂದ್ಯಾಕ ನಿಲ್ಲಸಲಿ?" ಎಂದು ಕುಡಿಯುತ್ತಿದ್ದರು.

ಮೆಂಬರ್ರು ಬೇವು ಬಿಟ್ಟ ಅದೇ ಸಂಜೆ ಹಕೀಕತ್ತು ಮುಗಿದ ಮೇಲೆ, ಯಾರಿಗಾದರೂ ಕೇಳುವುದಿದೆಯೇ ಅಂದರು. ಬೇವಿನ ಗಿಡದ ಕೆಳಗಿನಿಂದ ನಮ್ಮಪ್ಪ ಎದ್ದ. ಅವನು ಹತ್ತಿ ಅಡತಿಯಲ್ಲಿ ಹಮಾಲಿ. ಮಾತು ಕಡಿಮೆ.

"ಮೆಂಬರ್ರೀ, ಬಾವಿ ಮುಚ್ಚೂದು ಸಸಾರ ಇತ್ತು. ಅದರಾಗ ನಮ್ಮ ಕೊಡ ಇಳಸೂದು ತ್ರಾಸ ಇತ್ತು. ನೀವು ಸಸಾರದ್ದು ಮಾಡೀರಿ."

ಅಷ್ಟು ಹೇಳಿ ಕೂತ. ಮೆಂಬರ್ರು ಕಟ್ಟೆ ಇಳಿದು ಗಿರಣಿಯ ಕಡೆ ನಡೆದರು. 

ಮರುವರ್ಷ ಅವರು ಆರಂಭಿಸಿದ್ದೇ ಅಲ್ಲಿಂದ: "ಆಗಲಾರದ್ದು ಮೊದಲ. ಹೋದ ವರ್ಷ ಗಿಡದ ಕೆಳಗಿಂದ ಒಂದು ಮಾತ ಬಂದಿತ್ತು. ಅದಕ್ಕ ಜವಾಬ ಸಿಕ್ಕಿಲ್ಲ." ಅದರ ಮರುವರ್ಷವೂ ಅದೇ. "ಜವಾಬ ಇನ್ನಾ ಸಿಕ್ಕಿಲ್ಲ." ಅಪ್ಪ ಬೀಡಿ ಹಚ್ಚಿಕೊಂಡು, "ಹುಡುಕಲಿ ಬಿಡು" ಅನ್ನುತ್ತಿದ್ದ. ಆದರೆ ಪ್ರತಿ ಯುಗಾದಿಗೆ ಆ ಮಾತು ಬರುವತನಕ ಮನೆಗೆ ಹೊರಡುತ್ತಿರಲಿಲ್ಲ.

ನಾನು ಸುರಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಮುಗಿಸಿದೆ. ನಮ್ಮ ಓಣಿಯಲ್ಲಿ ನಾನೇ ಮೊದಲು, ಗಂಡಸರನ್ನೂ ಸೇರಿಸಿ. ಈ ಮಾತು ಹೇಳಲು ನನಗೆ ಸಂಕೋಚವಿಲ್ಲ. ಫಲಿತಾಂಶ ಬಂದ ವಾರ ಒಬ್ಬ ಲೀಡರು ನನ್ನ ಮಗ್ಗುಲಲ್ಲಿ ತನ್ನ ಫೋಟೊ ಹಾಕಿ ಬ್ಯಾನರ್ ಕಟ್ಟಿಸಿದ. ಅವನನ್ನು ನಾನು ಮುಖತಃ ನೋಡಿಯೂ ಇರಲಿಲ್ಲ. ಯುಗಾದಿಗೆ ಮೆಂಬರ್ರು ಏನು ಹೇಳುತ್ತಾರೋ ಎಂದು ಹಲ್ಲು ಕಚ್ಚಿಕೊಂಡೇ ಹೋಗಿ ನಿಂತೆ. "ಆಗಿದ್ದು ಒಂದು. ನಮ್ಮ ವಾರ್ಡಿನ್ಯಾಗ ಒಬ್ಬಾಕಿ ಬಿ.ಎ. ಪಾಸಾಗ್ಯಾಳ. ಅದರಾಗ ಪುರಸಭಾದ್ದು ಸಾಸವಿ ಕಾಳಷ್ಟೂ ಪಾಲಿಲ್ಲ. ಆಕಿ ಓಣ್ಯಾಗ ದೀಪ ಸೈತ ಹತ್ತಿದ್ದಿಲ್ಲ. ದೀಪದ್ದು ಆಗಲಾರದ್ದರಾಗ ಹೇಳೀನಿ, ನೆಪ್ಪಿರಲಿ." ಮಂದಿ ನಕ್ಕರು. ನನಗೆ ಸಿಕ್ಕ ಹಾರ, ಶಾಲುಗಳಲ್ಲಿ ಯಾವುದೂ ಈಗ ಇಲ್ಲ. ಆ ಮಾತು ಇದೆ. ನನ್ನದನ್ನು ನನಗೇ ಬಿಟ್ಟುಕೊಟ್ಟ ಮಾತು ಅದೊಂದೇ.

ಮುಂದಿನ ಚುನಾವಣೆಯಲ್ಲಿ ಮೆಂಬರ್ರು ಸೋತರು. ಮೇಲಿನ ಓಣಿ ಬಾವಿಯನ್ನು ಮರೆತಿರಲಿಲ್ಲ. ನಮ್ಮ ಓಣಿಯೂ ಕೈ ಹಿಡಿಯಲಿಲ್ಲ. ನಮಗೆ ಬಾವಿಯೂ ಇರಲಿಲ್ಲ, ಬೇಸಿಗೆಗೆ ನಳವೂ ಇಲ್ಲ, ಇವರು ನಮಗೆ ಮಾಡಿದ್ದೇನು ಎಂದು ಲೆಕ್ಕ ಹಾಕಿದರು. ಸೋತ ಮೇಲೆ ಯುಗಾದಿಗೆ ಇವರು ಮತ್ತೆ ಕಟ್ಟೆ ಹತ್ತಿದಾಗ, "ಇನ್ನ್ಯಾಕ್ರಿ? ನೀವೀಗ ಮೆಂಬರಲ್ಲ" ಎಂದು ಯಾರೋ ಅಂದರು. "ಹೌದಲ್ಲ. ಆದ್ರ ನೀರ ಇನ್ನಾ ಬಂದಿಲ್ಲಲ" ಅಂದರು. ಆ ವರ್ಷ ಅರ್ಧ ಮಂದಿ ಕೂತರು. ಆಮೇಲೆ ಆಚಾರ್ರು, ಅಪ್ಪ, ನಾಲ್ಕಾರು ಮುದುಕರು. ಆಚಾರ್ರು ಹೋದರು. ಅವರ ಮಗ ಮೈಕಿನಲ್ಲಿ ಪಂಚಾಂಗ ಓದಿ ಬೇಗ ಬೇಗ ಹೊರಡುವನು. ಅಪ್ಪ ಹೋದ. ಮೆಂಬರ್ರ ಹೆಂಡತಿಯೂ ಹೋದರು. ಮಕ್ಕಳಿರಲಿಲ್ಲ. ಬೆಲ್ಟಿನ ಮೇಲೆ ಕೈ ನಡುಗತೊಡಗಿತೆಂದು ಗಿರಣಿಯನ್ನೂ ನಿಲ್ಲಿಸಿದರು. ದನಿ ಮಾತ್ರ ಹಾಗೆಯೇ ಇತ್ತು. ಖಾಲಿ ಮನೆಯಲ್ಲಿ ಬೆಕ್ಕನ್ನು ಬಯ್ದರೆ ಓಣಿಗೆಲ್ಲ ಕೇಳುತ್ತಿತ್ತು, ಯಾರೂ ಬಿಡಿಸಲು ಬರುತ್ತಿರಲಿಲ್ಲ.

ನಾನು ಆಗ ಯಾದಗಿರಿಯಲ್ಲಿ ಹೈಸ್ಕೂಲಿನ ಟೀಚರು. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅವರು ಕೈಚೀಲ ಹಿಡಿದು ನಿಂತದ್ದು ಕಂಡಿತು. ಕೆನಾಲಿನಲ್ಲಿ ನೀರಿರುವಾಗಲೇ ತುಂಬಿಟ್ಟುಕೊಳ್ಳಲು ಊರ ಹೊರಗೆ ಒಂದು ಕೆರೆ ಬೇಕೆಂದು ಅವರು ಅರ್ಜಿ ಹಿಡಿದು ತಿರುಗುತ್ತಿದ್ದರು. ಮೊದಲು ಕಲಬುರ್ಗಿಗೆ, ಜಿಲ್ಲೆಯಾದ ಮೇಲೆ ಯಾದಗಿರಿಗೆ. ಹೋಟೆಲಿಗೆ ಕರೆದುಕೊಂಡು ಹೋಗಿ ಸುಸಲಾ, ಮಿರ್ಚಿ ಹೇಳಿದೆ.

"ಸಾಹೇಬ್ರು ಇವತ್ತೂ ಸಿಗಲಿಲ್ಲ ತಂಗಿ" ಅಂದರು. ಇಡೀ ಹೋಟೆಲು ತಿರುಗಿ ನೋಡಿತು. "ಇದನ್ನ ಯುಗಾದಿಗೆ ಹೇಳಬೇಕು."

"ಯಾರಿಗೆ ಹೇಳ್ತೀರಿ ಮೆಂಬರ್ರೀ?"

ಮಿರ್ಚಿಯ ತೊಟ್ಟು ತಟ್ಟೆಯ ಅಂಚಿಗಿಟ್ಟರು. "ಯಾರರೆ ಇದ್ರ" ಅಂದರು. ಅದೊಂದು ಮಾತು ಮಾತ್ರ ಮೆಲ್ಲಗೆ ಬಂತು.

ಕೊನೆಗೂ ಕೆರೆ ಆಯಿತು. ಯಾರ ಅರ್ಜಿಯಿಂದ ಆಯಿತೋ ಗೊತ್ತಿಲ್ಲ. ಫ್ಲೆಕ್ಸಿನಲ್ಲಿ ಬೇರೆಯವರ ಹೆಸರುಗಳಿದ್ದವು. ಹೋದ ಯುಗಾದಿಗೆ ನಾನು ಊರಿಗೆ ಬಂದಾಗ ಕೆನಾಲು ಒಣಗಿತ್ತು, ನಳದಲ್ಲಿ ನೀರು ಬರುತ್ತಿತ್ತು. ಅವ್ವ ಹೊಸ ಮಡಕೆಗೆ ನಳದಿಂದಲೇ ನೀರು ಹಿಡಿದು ಬೇವು ಕದಡಿದಳು. ಕದಡುತ್ತಾ ಕೈ ನಿಲ್ಲಿಸಿದಳು.

"ಮೆಂಬರ್ರು ಕುಡದ್ರೇನ?"

"ಯಾರರೆ ಕೊಟ್ಟಿರ್ತಾರ ಬಿಡಬೇ."

"ಕೊಟ್ಟಿಲ್ಲಂದ್ರ? ಒಯ್ದು ಕೊಡು." ಮತ್ತೆ ತಾನೇ ಹಿಂಜರಿದಳು. "ನಮ್ಮನೀದು ಮ್ಯಾಲಿನ ಓಣಿಗೆ ಯಾವತ್ತೂ ಹೋಗಿಲ್ಲ. ತಗೊಂತಾರೋ ಇಲ್ಲೋ."

ಹಿತ್ತಾಳೆಯ ಚೆಂಬು, ಒಂದು ಗ್ಲಾಸು ಹಿಡಿದು ಹೋದೆ. ಪಂಚಾಂಗ ಮುಗಿದು ಗುಡಿಯ ಮುಂದೆ ಯಾರೂ ಇರಲಿಲ್ಲ. ಗಿರಣಿಯ ಒಳಗೆ ಬೆಲ್ಟು ಬಿಚ್ಚಿದ ಮಷೀನಿನ ಪಕ್ಕ ಅವರು ಒಗೆದ ಧೋತರ ಉಟ್ಟು ಕೂತಿದ್ದರು. ಹುಬ್ಬು ಈಗ ಹಿಟ್ಟಿಲ್ಲದೆಯೂ ಬಿಳಿ. ಚೆಂಬು ನೋಡಿದರು.

"ಯಾವ ನೀರು?"

"ನಳದ್ದರಿ."

"ಮುಂಜಾನಿಂದ ಕುಂತೀನಿ ತಂಗಿ. ನಳ ಬಂದದ ಅಂತ ಗೊತ್ತದ. ಯಾರರೆ ಕರೀತಾರ ಅಂತ ಕುಂತೀನಿ. ನಾ ಕುಡ್ಯಂಗಿಲ್ಲ ಅನ್ನೂದು ಎಲ್ಲಾರಿಗೂ ರೂಢಿ ಆಗ್ಯಾದ. ಯಾಕ ಕುಡ್ಯಂಗಿಲ್ಲ ಅನ್ನೂದು ಮರ್ತಾರ."

ನಾನು ಗ್ಲಾಸಿಗೆ ಸುರಿದೆ. ಅವರು ಕೈಗೆ ತೆಗೆದುಕೊಂಡರು, ಬಾಯಿಗೆ ಹಚ್ಚಲಿಲ್ಲ. "ಹಕೀಕತ್ತು ಆಗಲಿ ಮೊದಲ" ಎಂದು ಎದ್ದರು. ನನ್ನ ಭುಜ ಹಿಡಿದು ಕಟ್ಟೆಯತನಕ ನಡೆದರು, ಹತ್ತಿದರು. ಗ್ಲಾಸು ತುಳುಕಿ ಕೈಯೆಲ್ಲ ಅಂಟಂಟಾಯಿತು. ಎದುರು ಮನೆಯ ಸೊಸೆ ಹೊರಗೆ ಬಂದು, "ಅತ್ತೀ, ಮುತ್ಯಾ ಮತ್ತ ಸುರು ಮಾಡ್ಯಾನ" ಎಂದು ಒಳಗೆ ಹೋದಳು. ಒಳಗೆ ಟಿವಿ ನಡೆದಿತ್ತು.

"ಓಣಿಯ ಹಿರಿಯರಿಗೂ ಕಿರಿಯರಿಗೂ ಹೊಸ ವರ್ಷದ ಶರಣು" ಅಂದರು. ದನಿ ಒಡೆದಿದ್ದರೂ ಬೇವಿನ ಗಿಡದತನಕ ಹೋಯಿತು. ಅಲ್ಲಿಯೂ ಯಾರಿರಲಿಲ್ಲ.

"ಆಗಲಾರದ್ದು ಮೊದಲ. ಈ ತಂಗಿ ಅಪ್ಪ ಒಂದು ಮಾತ ಕೇಳಿದ್ದ. ಜವಾಬ ಕೊಡೂದರಾಗ ಅವ ಹೋದ. ಆ ಬಾವ್ಯಾಗ ಅವನ ಕೊಡ ಇಳೀಲಿಲ್ಲ. ಇನ್ನ ಇಳ್ಯಂಗಿಲ್ಲ. ಅವ ಹೇಳಿದ್ದು ಖರೆ, ನಾ ಸಸಾರದ್ದು ಮಾಡಿದೆ."

ಗ್ಲಾಸು ಎತ್ತಿದರು.

"ಆಗಿದ್ದು ಒಂದು. ಅವನ ಮನಿ ಕೊಡ ಇವತ್ತ ನನ್ನ ಬಾಯಿತನಾ ಬಂದದ."

ಒಂದೇ ಗುಟುಕಿಗೆ ಕುಡಿಯಲಾಗಲಿಲ್ಲ. ನಿಂತು ನಿಂತು, ಉಸಿರು ತೆಗೆದುಕೊಂಡು ಕುಡಿದರು. ತಳದಲ್ಲಿ ಉಳಿದ ಹೂವನ್ನು ಬೆರಳಿಂದ ತೆಗೆದು ಬಾಯಿಗೆ ಹಾಕಿಕೊಂಡು ಕಹಿಗೆ ಮುಖ ಕಿವುಚಿದರು. ಮೇಲಿನ ಓಣಿಯ ಕಡೆ ನೋಡಿದರು, ನಮ್ಮ ಓಣಿಯ ಕಡೆ ನೋಡಿದರು.

"ಇಷ್ಟs ಹಕೀಕತ್ತು. ತಪ್ಪಿದ್ರ ಗಿರಣಿಗೆ ಬಂದು ಬಯ್ರಿ."

ಅವರನ್ನು ಗಿರಣಿಗೆ ಮುಟ್ಟಿಸಿ ನಾನು ಬಾಗಿಲು ಮುಂದಕ್ಕೆ ಎಳೆಯಲು ಹೋದಾಗ ಬೇಡವೆಂದು ಕೈ ಮಾಡಿದರು. ಕತ್ತಲಾದ ಮೇಲೆ ನಾನು ಯಾದಗಿರಿಯ ಕೊನೆಯ ಬಸ್ಸಿಗೆ ಹೊರಟು ಆ ದಾರಿಯಲ್ಲೇ ಬಂದೆ. ಗಿರಣಿಯ ಎರಡೂ ಕದ ತೆರೆದಿದ್ದವು. ಒಳಗೆ ಅವರು ಹಳೆಯ ಜಾಗದಲ್ಲಿ, ತಕ್ಕಡಿಯ ಹತ್ತಿರ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು.